ಸಂಸೆಯ ಮನೆಗೆ ಮೂಡಿಗೆರೆಯ ಉತ್ತರ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ ಇದ್ದ ಅಬ್ದುಲ್ ವಹಾಬರ ಕಂಪ್ಯೂಟರ್ ಸೆಂಟರಿನಲ್ಲಿ ಶನಿವಾರದ ಕ್ಲಾಸಿಗೆ ಪುಸ್ತಕ ಇರಲಿಲ್ಲ. ವಹಾಬರು ಮೊದಲು ಬಣಕಲ್‌ನಲ್ಲಿ ಜೀಪ್ ಮೆಕ್ಯಾನಿಕ್ ಆಗಿದ್ದವರು. ಎಂಜಿನ್ ಕಲಿಯುವವನು ಎಂಜಿನ್ ಬಿಚ್ಚಬೇಕು, ಗೋಣಿಚೀಲದ ಮೇಲೆ ಒಂದೊಂದೇ ಭಾಗ ಹರಡಬೇಕು, ಮತ್ತೆ ಅವನೇ ಜೋಡಿಸಬೇಕು ಎಂಬುದು ಅವರ ಶಾಸ್ತ್ರ. ಎರಡು ಸಾವಿರದ ನಾಲ್ಕರಲ್ಲಿ ಗ್ಯಾರೇಜನ್ನು ತಮ್ಮನಿಗೆ ಬಿಟ್ಟುಕೊಟ್ಟು ಕಂಪ್ಯೂಟರ್ ತಂದಿಟ್ಟ ಮೇಲೂ ಶಾಸ್ತ್ರ ಬದಲಾಗಲಿಲ್ಲ. ಶನಿವಾರ ಒಬ್ಬರು ಎದ್ದು ನಿಂತು ಯಾವುದಾದರೂ ಒಂದು ವೆಬ್‌ಸೈಟ್ ತೋರಿಸಬೇಕು. ಆಮೇಲೆ ‘ವ್ಯೂ ಸೋರ್ಸ್’ ಒತ್ತಿ, ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ಎಲ್ಲರಿಗೂ ಬಿಡಿಸಿ ಹೇಳಬೇಕು.

ಅಲ್ಲಿ ಪಾಠ ಹೇಳುತ್ತಿದ್ದವಳು ರಕ್ಷಾ. ಬಿ.ಎಸ್ಸಿ. ಮುಗಿಸಿ ಜಾವಳಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಹೆಚ್ಚು ಖುಷಿಯೂ ಪಡದ, ಹೆಚ್ಚು ಸಿಟ್ಟೂ ಆಗದ ಹುಡುಗಿ. ಊರಿಗೆ ಊರೇ ಕೊಚ್ಚಿಕೊಂಡು ಹೋದರೂ ನಮ್ಮ ರಕ್ಷಾ ‘ಬಸ್ಸು ಎಷ್ಟೊತ್ತಿಗೆ’ ಅಂತ ಕೇಳ್ತಾಳೆ ಎಂದು ಅವಳ ತಾಯಿ ರಂಗಮ್ಮ ನೆಂಟರಲ್ಲಿ ಹೇಳಿಕೊಂಡು ನಗುತ್ತಿದ್ದರು.

ಆ ಶನಿವಾರ ಸಂಸೆಯ ಪೂರ್ಣೇಶನ ಸರದಿ. ಕಾಫಿ ತೋಟ ನೋಡಿಕೊಂಡಿದ್ದ ಅವನು ಮನೆಯ ಎರಡು ರೂಮನ್ನು ಪ್ರವಾಸಿಗರಿಗೆಂದು ತೆರವು ಮಾಡಿದ್ದ. ಆ ಹೋಂಸ್ಟೇಗೊಂದು ವೆಬ್‌ಸೈಟ್ ಬೇಕೆಂದೇ ಕ್ಲಾಸಿಗೆ ಸೇರಿದ್ದ.

“ಇವತ್ತು ಬೇರೆಯವರದ್ದಲ್ಲ ಮೇಡಂ, ನಂದೇ ಸೈಟ್” ಎಂದು ಪುಟ ತೆರೆದ.

ರಕ್ಷಾ ನೋಡಿದಳು. ಅದೇ ಹಸಿರು ಅಂಚು, ಅದೇ ಓಡುವ ಅಕ್ಷರ, ಎಷ್ಟು ಜನ ನೋಡಿದರೆಂದು ಲೆಕ್ಕ ತೋರಿಸುವ ಅದೇ ಕಪ್ಪು ಡಬ್ಬಿ. ತನ್ನ ಮನೆಯ ಹೋಂಸ್ಟೇಗೆಂದು ಅವಳು ನಿದ್ದೆಗೆಟ್ಟು ಮಾಡಿದ್ದ ಪುಟವೇ ಅದು. ಹೆಸರು, ಫೋಟೋ, ಫೋನ್ ನಂಬರ್ ಮಾತ್ರ ಸಂಸೆಯವು.

“ಹೆಂಗಿದೆ ಮೇಡಂ?”

“ನಮ್ಮನೆ ಥರಾನೇ ಇದೆ.”

ಪೂರ್ಣೇಶನ ಕಿವಿ ಕೆಂಪಾಯಿತು. ಅವನಿಗೆ ನಾಚಿಕೆ ಮುಖಕ್ಕೆ ಬರುತ್ತಿರಲಿಲ್ಲ, ಕಿವಿಗೆ ಬರುತ್ತಿತ್ತು. “ನಿಮ್ದು ಬಿಚ್ಚಿ ನೋಡ್ದೆ. ಭಾಳ ಚೆನ್ನಾಗಿತ್ತು. ಅದಕ್ಕೇ...”

“ಬಿಚ್ಚಿದ್ದು ಸರಿ ಮಾರಾಯ” ಎಂದರು ವಹಾಬರು. “ಆದ್ರೆ ನೀನು ಜೋಡಿಸೇ ಇಲ್ಲ. ಎಂಜಿನ್ನೇ ಎತ್ತಿ ನಿನ್ನ ಗಾಡಿಗೆ ಕೂರಿಸ್ಕೊಂಡಿದ್ದೀಯ!”

ಎಲ್ಲರೂ ನಕ್ಕರು. ತನಗೇನೂ ಅನ್ನಿಸಲಿಲ್ಲ ಎಂದು ರಕ್ಷಾ ತನಗೇ ಹೇಳಿಕೊಂಡಳು. ಅದು ಸುಳ್ಳು. ಸಿಟ್ಟು ಬಂದಿತ್ತು, ಆ ಕೆಂಪು ಕಿವಿ ನೋಡಿ ನಗುವೂ ಬಂದಿತ್ತು. ಎರಡನ್ನೂ ನುಂಗಿಕೊಂಡು ಮುಂದಿನ ಪಾಠ ಶುರುಮಾಡಿದಳು.

ಸೋಮವಾರ ಅವಳ ಮೇಲ್‌ಬಾಕ್ಸಿಗೆ ಮೈಸೂರಿನಿಂದ ಒಂದು ಪತ್ರ ಬಂತು. ‘ಸಂಸೆಯ ನಿಮ್ಮ ಮನೆಯಲ್ಲಿ ಎರಡು ದಿನ ಉಳಿಯಬೇಕೆಂದಿದ್ದೇವೆ. ಬಿಸಿನೀರಿನ ವ್ಯವಸ್ಥೆ ಇದೆಯೇ?’

ರಕ್ಷಾಗೆ ತಕ್ಷಣ ಅರ್ಥವಾಯಿತು. ಪುಟದ ಕೆಳಗೆ ಗೆಸ್ಟುಗಳು ಹೆಸರು, ಪ್ರಶ್ನೆ ತುಂಬಿಸುವ ಒಂದು ಫಾರಂ ಇತ್ತು. ಅದು ಯಾರಿಗೆ ಹೋಗಬೇಕೆಂಬ ವಿಳಾಸ ಪುಟದ ಮೇಲೆ ಕಾಣುವುದಿಲ್ಲ, ಒಳಗಿನ ಕೋಡಿನಲ್ಲಿರುತ್ತದೆ. ಪೂರ್ಣೇಶ ಕಣ್ಣಿಗೆ ಕಂಡದ್ದನ್ನೆಲ್ಲ ಬದಲಾಯಿಸಿದ್ದ, ಕಾಣದ್ದನ್ನು ಹಾಗೇ ಬಿಟ್ಟಿದ್ದ. ಅವನ ಮನೆಯ ಗೆಸ್ಟುಗಳೆಲ್ಲ ಈಗ ಅವಳ ಬಾಗಿಲು ತಟ್ಟುತ್ತಿದ್ದರು.

ಅನುಭವಿಸಲಿ, ಕದ್ದವನಿಗೆ ಅಷ್ಟಾದರೂ ಆಗಬೇಡವೇ ಎಂದುಕೊಂಡಳು. ಆದರೆ ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಕಾಯಿಸಬಾರದು ಎಂದು ರಂಗಮ್ಮನಿಂದ ಹೇಳಿಸಿಕೊಂಡು ಬೆಳೆದವಳು. ಉತ್ತರ ಕೊಡೋಣವೆಂದರೆ ಆ ಮನೆಯಲ್ಲಿ ಬಿಸಿನೀರು ಉಂಟೋ ಇಲ್ಲವೋ ಅವಳಿಗೇನು ಗೊತ್ತು? ತಪ್ಪನ್ನು ಅವನಿಗೇ ಹೇಳಿ ತಿದ್ದಿಸುವಷ್ಟು ಸಿಟ್ಟೂ ಇಳಿದಿರಲಿಲ್ಲ. ಶನಿವಾರ, ಬಸ್ಸಿನ ಟೈಮು ಕೇಳುವ ದನಿಯಲ್ಲೇ ಅವನನ್ನು ಕೇಳಿದಳು.

“ನಿಮ್ಮನೇಲಿ ಬಿಸಿನೀರಿಗೆ ಎಂತ ಮಾಡಿದ್ದೀರಿ?”

ಪೂರ್ಣೇಶ ಕೀಬೋರ್ಡಿನಿಂದ ತಲೆ ಎತ್ತಿದ. “ಹಂಡೆ ಇದೆ. ಬೆಳಗಾಗೋದ್ರೊಳಗೆ ಅಮ್ಮ ಒಲೆ ಹಚ್ತಾರೆ. ಯಾಕೆ ಮೇಡಂ?”

“ಸುಮ್ನೆ.”

ಆ ‘ಸುಮ್ನೆ’ಯನ್ನು ಅವನು ಬಹಳ ಹೊತ್ತು ನೋಡುತ್ತ ಕೂತಿದ್ದ. ಅವಳು ಸಂಜೆಯೇ ಮೈಸೂರಿಗೆ ಬರೆದಳು: ಹಂಡೆಯ ನೀರು, ಸೌದೆ ಒಲೆ, ಬಂದು ನೋಡಿ, ಮುಂದಿನದಕ್ಕೆ ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ.

ಪತ್ರಗಳು ಬರುತ್ತಲೇ ಇದ್ದವು. ಅವಳ ಪ್ರಶ್ನೆಗಳೂ.

“ಬಸ್ ಇಳಿದು ಮನೆಗೆ ದೂರವಾ?”

“ಹಳ್ಳದ ಮೇಲಿನ ಸಂಕ ದಾಟಿದ್ರೆ ಬಂತು. ಜೀಪ್ ಕಳಿಸ್ತೀನಿ ಬಿಡಿ.”

“ಯಾರಿಗೆ?”

“...ಬರೋರಿಗೆ.”

ಇನ್ನೊಂದು ವಾರ, “ಜಿಗಣೆ ಕಾಟ ಇದೆಯಾ?”

“ಜಾವಳೀಲಿ ಜಿಗಣೆ ಇಲ್ವಾ ಮೇಡಂ? ನೀವು ಹೆದರೋದಾದ್ರೆ ದಾರಿ ಉದ್ದಕ್ಕೂ ಸುಣ್ಣ ಹಾಕಿಸ್ತೀನಿ.”

ಮತ್ತೊಂದು ವಾರ ಅಡಿಗೆ ಯಾರು ಮಾಡುತ್ತಾರೆಂದು ಕೇಳಿದಳು. ಅಮ್ಮನೇ ಮಾಡೋದು, ಆದ್ರೆ ಯಾರಾದ್ರೂ ಜೊತೆಗೆ ಬಂದ್ರೆ ಅವರಿಗೂ ಖುಷಿ ಎಂದು ಅವನು ಮಾನಿಟರ್ ಕಡೆ ನೋಡಿಕೊಂಡು ಹೇಳಿದ. ಕೌಂಟರಿನ ಹಿಂದೆ ಕೂತ ವಹಾಬರು ಗಡ್ಡದೊಳಗೇ ನಗುತ್ತಿದ್ದರು.

ಆ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತು. ಜಾತಕ ತೆಗೆಯುವ ಮೊದಲೇ ಹೆಣ್ಣಿನ ಕಡೆಯವರು ಗಂಡಿನ ಮನೆಯ ನೀರು, ದಾರಿ, ಅಡಿಗೆಮನೆ ವಿಚಾರಿಸುತ್ತಾರೆ. ಇಲ್ಲಿ ಹುಡುಗಿ ತಾನೇ ವಿಚಾರಿಸುತ್ತಿದ್ದಳು, ಅಷ್ಟೇ ವ್ಯತ್ಯಾಸ. ಹಾಗೆಂದು ಪೂರ್ಣೇಶ ನಂಬಿದ. ರಕ್ಷಾಗೆ ಮಾತ್ರ ಆ ಯೋಚನೆಯೇ ಬರಲಿಲ್ಲ, ಬುದ್ಧಿವಂತರಿಗೆ ಇಂಥವು ತಡವಾಗಿಯೇ ಹೊಳೆಯುತ್ತವೆ.

ಬರೆಯುತ್ತ ಬರೆಯುತ್ತ ಆ ಮನೆ ಅವಳಿಗೆ ಅಭ್ಯಾಸವಾಯಿತು. ಮೆಟ್ಟಿಲಲ್ಲಿ ಯಾವುದು ಅಲುಗುತ್ತದೆ, ಯಾವ ಕಿಟಕಿಗೆ ಬೆಳಗಿನ ಬಿಸಿಲು ಬೀಳುತ್ತದೆ ಎಂದು ಕಾಣದೂರಿನ ಜನಕ್ಕೆ ತಾನೇ ಅಲ್ಲಿ ಬಾಳಿದವಳ ಹಾಗೆ ಬರೆದಳು. ಒಂದು ಶನಿವಾರ ಯಾವ ಪತ್ರವೂ ಬಂದಿರಲಿಲ್ಲ. ಆದರೂ ಅವನ ಕುರ್ಚಿಯ ಪಕ್ಕ ಹೋಗಿ ನಿಂತಳು.

“ಸಂಜೆ ಕೆಲಸ ಮುಗಿದ ಮೇಲೆ ನೀವು ಎಲ್ಲಿ ಕೂತ್ಕೊಳ್ತೀರಿ?”

ಅವನು ಮೌಸ್ ಬಿಟ್ಟು ಅವಳನ್ನೇ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ, ಸೆರಗು ಸರಿಮಾಡಿಕೊಂಡಳು ಅಷ್ಟೇ.

“ಕಾಫಿ ಒಣಗಿಸೋ ಕಣ ಇದೆಯಲ್ಲ, ಅದರ ಕಟ್ಟೆ ಮೇಲೆ. ಬಿಸಿಲು ಹೋದ್ಮೇಲೂ ಅದು ಬೆಚ್ಚಗಿರುತ್ತೆ.”

“ಒಬ್ರೇನಾ?”

“ಸದ್ಯಕ್ಕೆ ಒಬ್ನೇ.”

ಮರುದಿನ ಬೆಳಿಗ್ಗೆ ರಂಗಮ್ಮ ಕಾಫಿ ಲೋಟ ಮುಂದಿಟ್ಟು ಕೇಳಿದರು. “ಏನೇ, ಸಂಸೆಯಿಂದ ಹೇಳಿ ಕಳಿಸಿದ್ದಾರೆ. ನೀನು ಅವರ ಮನೆ ಹಂಡೆಯಿಂದ ಹಿಡಿದು ಎಲ್ಲಾನೂ ವಿಚಾರಿಸಿದ್ದೀಯಂತೆ. ಹುಡುಗಿಗೇ ಮನಸ್ಸಿದ್ದ ಮೇಲೆ ಮುಂದಿನ ಭಾನುವಾರ ಬಂದು ಮಾತಾಡ್ತೀವಿ ಅಂದಿದ್ದಾರೆ. ಹೌದಾ?”

ರಕ್ಷಾಗೆ ಆಗ ಹೊಳೆಯಿತು. ಮೈಯೆಲ್ಲ ಬಿಸಿಯಾಯಿತು. ಸುಮ್ಮನಿದ್ದರೆ ಸಾಕು, ಭಾನುವಾರ ಅವರು ಬರುತ್ತಾರೆ, ಮಾತಾಗುತ್ತದೆ, ಆ ಬೆಚ್ಚಗಿನ ಕಟ್ಟೆ ತನ್ನದಾಗುತ್ತದೆ. ಅದು ಬೇಕೆಂದು ಅವಳಿಗೆ ಬಹಳ ಆಸೆಯಾಯಿತು. ಆದರೆ ಅವನು ಅವಳ ಮನಸ್ಸೆಂದು ತಿಳಿದು ಒಪ್ಪಿದ್ದು ಗೆಸ್ಟುಗಳ ಪ್ರಶ್ನೆಗಳನ್ನು. ಕಳವು ಮಾಡಿದನೆಂದು ಅವನ ಮೇಲೆ ಸಿಟ್ಟಾದವಳು ತಾನು ಅವನನ್ನು ಹೀಗೆ ಕದಿಯುವುದು ಸರಿಯಲ್ಲ ಎನ್ನಿಸಿತು.

“ಶನಿವಾರ ಹೇಳ್ತೀನಮ್ಮ” ಎಂದಳು.

ಶನಿವಾರ ಕ್ಲಾಸಿಗೆ ಮೊದಲೇ ಪೂರ್ಣೇಶನನ್ನು ಕೂರಿಸಿ ತನ್ನ ಮೇಲ್‌ಬಾಕ್ಸ್ ತೆರೆದು ತೋರಿಸಿದಳು. ಅವನು ಓದಿದ. ಬಿಸಿನೀರಿನ ಪತ್ರದಲ್ಲಿ ಅವನ ಕಣ್ಣು ನಿಂತಿತು.

“ಇದು ಮೈಸೂರಿನವರು ಕೇಳಿದ್ದಾ?”

“ಹೌದು.”

“ಜಿಗಣೆ?”

“ಬೆಂಗಳೂರಿನವರು.”

“ಅಡಿಗೆ?”

“ಹಾಸನದ ಬ್ಯಾಂಕಿನವರು. ಫಾರಂನಲ್ಲಿ ನೀವು ಅಡ್ರೆಸ್ ಬದಲಾಯಿಸಿರ್ಲಿಲ್ಲ. ನಾನು ಆವತ್ತೇ ಹೇಳ್ಬೇಕಿತ್ತು.”

ಅವನು ನಗಲು ನೋಡಿದ, ಆಗಲಿಲ್ಲ. “ನಾನು ಅಮ್ಮನ ಹತ್ರ ಏನೇನೋ ಹೇಳ್ಬಿಟ್ಟೆ ನೋಡಿ. ಭಾನುವಾರ ಬೇಡ ಅಂತ ತಿಳಿಸ್ತೀನಿ.”

ಕಟ್ಟೆಯ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು, ಅಲ್ಲಿಂದ ಮುಂದೆ ಬರಲಿಲ್ಲ. ಅವನು ಊರಿನ ಕಡೆ ಹೋಗುವ ಕಳಸದ ಬಸ್ಸು ಹತ್ತಿ ಹೋದ. ಅವಳು ಎಲ್ಲ ಪತ್ರಗಳನ್ನೂ ಅವನಿಗೆ ಕಳಿಸಿ, ಒಂದು ಸಾಲು ಕೂಡ ಜೊತೆಗೆ ಬರೆಯದೆ ಕಂಪ್ಯೂಟರ್ ಆಫ್ ಮಾಡಿದಳು.

ಭಾನುವಾರ ಯಾರೂ ಬರಲಿಲ್ಲ. ಬಿಸಿಲು ಇಳಿದ ಮೇಲೆ ರಕ್ಷಾ ಕಣದ ಕಡೆ ಹೋಗಿ ತಮ್ಮ ಮನೆಯ ಕಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಅದೂ ಬೆಚ್ಚಗಿತ್ತು, ಅವಳಿಗೆ ಅಳು ಬಂತು.

ಮುಂದಿನ ಶನಿವಾರ ಕ್ಲಾಸು ಶುರುವಾದ ಮೇಲೆ ಪೂರ್ಣೇಶ ಬಂದ. ಯಾರ ಮುಖವನ್ನೂ ನೋಡದೆ, “ನಾನೊಂದು ತೋರಿಸ್ಲಾ?” ಎಂದ.

ಹೊಸ ಪುಟ. ಹಸಿರು ಅಂಚಿಲ್ಲ, ಓಡುವ ಅಕ್ಷರವಿಲ್ಲ. ಒಂದು ಕಡೆ ಸೊಟ್ಟಗಾದ ಸಾಲು, ಅರ್ಧ ಕತ್ತರಿಸಿ ಹೋದ ಮನೆಯ ಫೋಟೋ. ಚೆಂದವಿರಲಿಲ್ಲ, ಆದರೆ ಪ್ರತಿ ಅಕ್ಷರವೂ ಅವನದೇ.

“ಈಗ ಜೋಡಿಸಿದ್ದು” ಎಂದರು ವಹಾಬರು ಸಂತೋಷದಿಂದ. “ಬಿಚ್ಚು ನೋಡುವ.”

ವ್ಯೂ ಸೋರ್ಸ್ ಒತ್ತಿದ. ರಕ್ಷಾ ಮೇಡಂ ಆಗಿ ಹಿಂದೆ ನಿಂತು, ಅಭ್ಯಾಸದಂತೆ ಸಾಲು ಸಾಲಾಗಿ ಓದುತ್ತ ಇಳಿದಳು. ಕೊನೆಗೆ ಫಾರಂ ಬಂತು. ಅದರಲ್ಲಿ ಅವಳದೇ ವಿಳಾಸ ಇತ್ತು.

“ಅಡ್ರೆಸ್ ಮತ್ತೆ ಹಾಗೇ ಬಿಟ್ಟಿದ್ದೀರಿ” ಎಂದಳು. ಹಿಂದಿನ ಬೆಂಚಿನವರು ಗೊಳ್ಳೆಂದರು.

“ಗೊತ್ತು ಮೇಡಂ.”

“ಮರೆತ್ರಾ?”

“ಇಲ್ಲ. ಈ ಸಲ ನಾನೇ ಟೈಪ್ ಮಾಡಿದ್ದು.” ಅವನ ಕಿವಿ ಕೆಂಡದಂತಾಗಿತ್ತು. “ನೀವು ಕಳಿಸಿದ್ದನ್ನೆಲ್ಲ ಓದ್ದೆ. ನಿಮ್ಮ ಒಂದೊಂದು ಪ್ರಶ್ನೆಗೂ ಒಬ್ಬೊಬ್ಬ ಗೆಸ್ಟ್ ಸಿಕ್ಕಿದ್ರು. ಒಂದಕ್ಕೆ ಮಾತ್ರ ಯಾರೂ ಸಿಗ್ಲಿಲ್ಲ.”

ವಹಾಬರು ಇದ್ದಕ್ಕಿದ್ದಂತೆ ಎದ್ದರು. “ಎಲ್ರೂ ಏಳಿ, ಟೀ ಕುಡಿದು ಬರುವ. ದುಡ್ಡು ನಂದು.” ಕುರ್ಚಿಗಳು ಸರಿದವು, ರೂಮು ಖಾಲಿಯಾಯಿತು.

“ಸಂಜೆ ಎಲ್ಲಿ ಕೂತ್ಕೊಳ್ತೀರಿ ಅಂತ ಕೇಳಿದ್ರಲ್ಲ” ಎಂದ ಪೂರ್ಣೇಶ. “ಅದು ಯಾವ ಊರಿನವರದ್ದು?”

“ಜಾವಳಿಯವರದ್ದು” ಎಂದಳು ರಕ್ಷಾ. ತಪ್ಪಿಸಿಕೊಳ್ಳುವ ಮನಸ್ಸು ಅವಳಿಗೆ ಇರಲಿಲ್ಲ. “ಯಾರೂ ಕೇಳಿರ್ಲಿಲ್ಲ. ನಂಗೇ ತಿಳ್ಕೋಬೇಕು ಅನ್ಸಿತ್ತು. ನಿಮ್ಮ ಪಕ್ಕ ಜಾಗ ಇದೆಯಾ ಅಂತ.”

ಅವನು ಪಕ್ಕದ ಖಾಲಿ ಕುರ್ಚಿಯನ್ನು ಅವಳ ಕಡೆ ಎಳೆದಿಟ್ಟ. ಆಮೇಲೆ ಮೆಲ್ಲಗೆ, “ನಾಳೆ ಅಮ್ಮನ್ನ ಕರ್ಕೊಂಡು ಬರ್ಲಾ?” ಎಂದ.

ರಕ್ಷಾ ಪರದೆಯ ಮೇಲಿದ್ದ ತನ್ನ ವಿಳಾಸವನ್ನೊಮ್ಮೆ ನೋಡಿದಳು.

“ಸಂಸೆಯಿಂದ ಬಸ್ಸು ಎಷ್ಟೊತ್ತಿಗೆ?” ಎಂದು ಕೇಳಿದಳು. ಕೇಳುವಾಗ ಅವಳ ದನಿ ನಡುಗುತ್ತಿತ್ತು.