ಹೊಗೆಬಂಡೆ ದುರ್ಗದಿಂದ ಅಪ್ಪನನ್ನು ಇಳಿಸಿದ್ದು

ಮುನಿಆಂಜನಪ್ಪ ಹೊಗೆಬಂಡೆ ದುರ್ಗಕ್ಕೆ ಹೋಗಿ ಮೂರು ದಿನವಾಗಿತ್ತು. ಆಷಾಢದ ಮೊದಲ ಸೋಮವಾರ ಆ ಕೋಟೆಯ ಮೇಲಿನ ವೀರಗಲ್ಲಿಗೆ ದೀಪ ಹಚ್ಚಿ ಬರುವುದು ಬೆಂಗಳೂರಿನ ರಾಮಮೂರ್ತಿ ನಗರದ ಅವರ ಮನೆಯ ಪದ್ಧತಿ. ಮನೆಯ ಯಜಮಾನ ಹೋಗಬೇಕು, ಜೊತೆಗೆ ಮಗ. ಈ ಸಲ ಮಗ ಕೆಂಪರಾಜ್ ಹೋಗಲಿಲ್ಲ. ಅವನು ಪಾಲಿಟೆಕ್ನಿಕ್ ಬಿಟ್ಟಾಗಿನಿಂದ, ಅಂದರೆ ಎರಡು ತಿಂಗಳಿಂದ, ಅಪ್ಪ ಮಗನಿಗೆ ಮಾತಿರಲಿಲ್ಲ.

"ಕಲ್ಲಿಗೆ ಎಣ್ಣೆ ಬಿಡೋಕೆ ಇಬ್ರು ಯಾಕೆ?" ಎಂದು ಕೆಂಪರಾಜ್ ಗೋಡೆಯ ಕಡೆ ತಿರುಗಿ ಹೇಳಿದ್ದ. ಅಪ್ಪ ಒಬ್ಬನೇ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಚಿಂತಾಮಣಿ ಬಸ್ಸು ಹತ್ತಿದ್ದ. ಬರುವಾಗ ನೆಂಟರ ಮನೆಯಲ್ಲಿ ಎರಡು ದಿನ ಇದ್ದು ಬರುತ್ತೇನೆ ಎಂದಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಬುಧವಾರ ಸಂಜೆ ಆ ನೆಂಟರೇ ಫೋನ್ ಮಾಡಿ, "ಯಾಕೆ, ಅಣ್ಣ ಈ ಸಲ ಬರ್ಲೇ ಇಲ್ಲ?" ಎಂದು ಕೇಳಿದರು.

ಗುರುವಾರ ಬೆಳಕು ಹರಿಯುವ ಮೊದಲೇ ಮೂವರು ಹೊರಟರು. ಕೆಂಪರಾಜ್, ಅವನ ಅಕ್ಕ ಸುಕನ್ಯ, ಮತ್ತು ಮಹಡಿಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ಪ್ರಭುಲಿಂಗ. ಭಾನುವಾರ ಬಂದರೆ ಆಫೀಸಿನ ಗೆಳೆಯರ ಜೊತೆ ಬೆಟ್ಟ ಹತ್ತುವ ಹುಚ್ಚು ಅವನದು. ಅವನ ಹತ್ತಿರ ಗಟ್ಟಿ ಹಗ್ಗವಿತ್ತು. ಅಪ್ಪನನ್ನು ಹುಡುಕಬೇಕು, ಕತ್ತಲಾಗುವುದರೊಳಗೆ ಇಳಿಸಬೇಕು. ಅಷ್ಟೇ ಕೆಲಸ.

ಅಜ್ಜಿ ಆಂಜನಮ್ಮನ ಕತೆಗಳಲ್ಲಿ ಹೊಗೆಬಂಡೆ ದುರ್ಗಕ್ಕೆ ಏಳು ಬಾಗಿಲು, ಬಾಗಿಲಿಗೊಂದು ಆನೆ. ಪಾಳೆಗಾರನ ಮಗಳು ಅಲ್ಲಿನ ಬುರುಜಿನ ಮೇಲೆ ಕೂತು ಕೂದಲು ಒಣಗಿಸಿದರೆ ಕೆಳಗಿನ ಊರಿಗೆ ಸಾಂಬ್ರಾಣಿ ಘಮ ಬರುತ್ತಿತ್ತಂತೆ. ಸುಕನ್ಯ ಆ ಕತೆಗಳ ಮಡಿಲಲ್ಲೇ ಬೆಳೆದವಳು. ಈಗ ಕಣ್ಣೆದುರು ನಿಂತಿದ್ದುದು ಬೋಳು ಬಂಡೆ. ಅರ್ಧಕ್ಕೆ ಮುರಿದ ಗೋಡೆ, ಗೋಡೆಯ ಸಂದಿನಿಂದ ಹೊರಬಿದ್ದ ಆಲದ ಬೇರು, ಲಂಟಾನದ ಪೊದೆ, ಎಲ್ಲೆಲ್ಲೂ ಆಡಿನ ಹಿಕ್ಕೆ. ಮೋಡ ಬಂಡೆಯ ನೆತ್ತಿಗೆ ಒದ್ದೆ ಬಟ್ಟೆಯಂತೆ ಅಂಟಿಕೊಂಡಿತ್ತು. ಇಷ್ಟು ದೊಡ್ಡ ಬೆಟ್ಟದಲ್ಲಿ ಒಬ್ಬ ಮನುಷ್ಯ ಎಲ್ಲಿ ಬೇಕಾದರೂ ಇರಬಹುದು ಎನ್ನುವುದು ಅವಳಿಗೆ ಆಗಲೇ ಹೊಳೆದದ್ದು.

ದಾರಿ ಕವಲೊಡೆದ ಕಡೆಯೆಲ್ಲ ಸುಕನ್ಯ ಚೀಲದಿಂದ ಭರಣಿ ತೆಗೆದು ಕಲ್ಲಿಗೊಂದು ಬೊಟ್ಟು ಕುಂಕುಮ ಇಟ್ಟಳು.

"ಒಂದು ಪೇಂಟ್ ಡಬ್ಬಿ ತಂದಿದ್ರೆ ಆಗ್ತಿತ್ತು," ಎಂದ ಕೆಂಪರಾಜ್.

"ಮನೇಲಿ ಇದ್ದಿದ್ದು ಇದೇ ಕಣೋ. ಸುಮ್ನೆ ಹತ್ತು."

"ಹಚ್ಲಿ ಬಿಡ್ರಿ, ಕೆಂಪಗ ಚಲೋ ಕಾಣ್ತದ," ಎಂದ ಪ್ರಭುಲಿಂಗ.

ಮೇಲೆ ತಲುಪಿದಾಗ ಹನ್ನೊಂದು ಗಂಟೆ. ವೀರಗಲ್ಲಿನ ಮುಂದೆ ದೀಪದ ಗುರುತೂ ಇರಲಿಲ್ಲ, ಹೂವಿನ ಗುರುತೂ ಇರಲಿಲ್ಲ. ಅಪ್ಪ ಇಲ್ಲಿಯವರೆಗೆ ಬಂದೇ ಇಲ್ಲ. ಕೆಂಪರಾಜ್ ಬುರುಜಿನ ತುದಿಗೆ ಹೋಗಿ "ಅಪ್ಪಾ" ಎಂದು ಕೂಗಿದ. ಎರಡು ತಿಂಗಳಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಬಂಡೆಗಳು ಅದನ್ನೇ ಹಿಂದಕ್ಕೆ ಕೊಟ್ಟವು. ಒಂದು ಗಂಟೆ ಕೂಗಿದ. ಗಂಟಲು ಒಡೆದು ಹೋಯಿತು.

ಕಣಜದ ಕೋಣೆಯ ಹತ್ತಿರ ಸುಕನ್ಯಳಿಗೆ ಅಪ್ಪನ ಹಳದಿ ಟವೆಲ್ಲು ಕಂಡಿತು. ಕಣಜದ ಹಳೆಯ ಚಾವಣಿ ಕುಸಿದು ದೊಡ್ಡ ತೂತಾಗಿತ್ತು.

ಕೆಳಗೆ ಅಪ್ಪ ಬಿದ್ದಿದ್ದ.

ಪ್ರಭುಲಿಂಗ ಹಗ್ಗ ಬಿಟ್ಟ. ಕೆಂಪರಾಜ್ ಇಳಿದ. ಅಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಊದಿ ಕಪ್ಪಾಗಿತ್ತು. ತೂತಿನಿಂದ ತೊಟ್ಟಿಕ್ಕಿದ ಮಳೆನೀರು, ಪೂಜೆಗೆ ತಂದಿದ್ದ ಬಾಳೆಹಣ್ಣು ಅವನನ್ನು ಇಷ್ಟು ದಿನ ಉಳಿಸಿದ್ದವು. ಮೈ ಕೆಂಡದಂತೆ ಸುಡುತ್ತಿತ್ತು.

"ಅಪ್ಪ, ನಾನು."

ಮುನಿಆಂಜನಪ್ಪ ಅವನನ್ನೇ ಬಹಳ ಹೊತ್ತು ನೋಡಿದ. "ಯಾರಪ್ಪಾ ನೀನು? ನಮ್ಮೋರು ಯಾರೂ ಬರಲ್ಲ," ಎಂದ.

ಕೆಂಪರಾಜ್ ಹಗ್ಗವನ್ನು ಅಪ್ಪನ ಕಂಕುಳ ಕೆಳಗೆ ಬಿಗಿದ.

ಎಳೆದರು. ಜಾರಿತು. ಮತ್ತೆ ಎಳೆದರು. ಅಪ್ಪ ಒಮ್ಮೆ ಕಿರುಚಿ ಸುಮ್ಮನಾದ. ಆ ಸುಮ್ಮನಾದದ್ದು ಕಿರುಚಿದ್ದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಎರಡು ಗಟ್ಟಿ ಕೊಂಬೆಗೆ ಜೊತೆಗೆ ತಂದಿದ್ದ ಕಂಬಳಿ ಕಟ್ಟಿ ಜೋಲಿ ಮಾಡಿದರು. ಪ್ರಭುಲಿಂಗ ಸುಕನ್ಯಳನ್ನು ಪಕ್ಕಕ್ಕೆ ಕರೆದ.

"ಅಕ್ಕಾರ, ಕಾಲು ಕೊಳೀಲಿಕ್ಕೆ ಹತ್ತೇದ. ಇವತ್ತ ಆಸ್ಪತ್ರಿ ಮುಟ್ಟದಿದ್ರ ಭಾಳ ಕಷ್ಟ ಅದ."

ಇಳಿಯಲು ಶುರುಮಾಡಿದ ಹದಿನೈದು ನಿಮಿಷಕ್ಕೆ ಮೋಡ ಕೆಳಗಿಳಿಯಿತು. ಹಿಂದೆಯೇ ಮಳೆ. ಹತ್ತು ಹೆಜ್ಜೆ ಆಚೆ ಏನೂ ಕಾಣದು. ಸುಕನ್ಯ ಮುಂದೆ ನಡೆದು ಕೆಂಪು ಕಲ್ಲು ಹುಡುಕುತ್ತಾ, "ಇಲ್ಲಿದೆ, ಬನ್ನಿ," ಎನ್ನುತ್ತಾ ಹೋದಳು. ಒಂದು, ಎರಡು, ಐದು, ಆರು. ಏಳನೆಯ ಕಲ್ಲಿನ ಆಚೆ ನೆಲವೇ ಇರಲಿಲ್ಲ.

"ನಿಲ್ಲಿ! ಹೆಜ್ಜೆ ಇಡ್ಬೇಡಿ."

ಜೋಲಿ ನಿಂತಿತು. ಕೆಳಗೆ ಬಿಳಿ ಮೋಡ, ಅದರೊಳಗೆ ಬೀಳುವ ನೀರಿನ ಸದ್ದು. ಸುಕನ್ಯ ಆ ಕಲ್ಲನ್ನು ಮುಟ್ಟಿ ನೋಡಿದಳು. ಕುಂಕುಮದಡಿಯಲ್ಲಿ ಅರಿಶಿನ, ಅರಿಶಿನದಡಿಯಲ್ಲಿ ಎಣ್ಣೆಯ ಜಿಡ್ಡು. ಅವಳು ಬರಿಯ ಕುಂಕುಮ ಇಟ್ಟಿದ್ದಳು. ಅರಿಶಿನ ಹಚ್ಚಿರಲೇ ಇಲ್ಲ. ಅವಳ ಒಣ ಬೊಟ್ಟುಗಳನ್ನೆಲ್ಲ ಮಳೆ ತೊಳೆದಿತ್ತು. ಉಳಿದಿದ್ದವು ದೇವರ ಕಲ್ಲುಗಳು ಮಾತ್ರ. ಆಡು ಕಾಯುವವರ ಬೆಟ್ಟ ಅದು, ನಾಲ್ಕು ಹೆಜ್ಜೆಗೊಂದು ದೇವರು. ಅಂಥ ಬೆಟ್ಟದಲ್ಲಿ ಅವಳು ಕುಂಕುಮದಿಂದ ದಾರಿ ಗುರುತು ಮಾಡಿದ್ದಳು.

"ಇದು ನಾನು ಇಟ್ಟಿದ್ದಲ್ಲ," ಎಂದಳು. "ಎಲ್ಲಿಂದ ತಪ್ಪಿತೋ ಗೊತ್ತಿಲ್ಲ."

ಕೆಂಪರಾಜ್ ಜೋಲಿಯನ್ನು ಕೆಳಗಿಟ್ಟು ಅಲ್ಲೇ ಕುಸಿದ. "ವಾಪಸ್ ಹತ್ತೋಕೆ ಆಗಲ್ಲಕ್ಕ. ನನ್ನ ಕೈಲಿ ಆಗಲ್ಲ. ನಾನು ಜೊತೇಲಿ ಬಂದಿದ್ರೆ ಅವ್ನು ಬೀಳ್ತಾನೇ ಇರ್ಲಿಲ್ಲ."

ಮಳೆ ಅಪ್ಪನ ಮುಖದ ಮೇಲೆ ಬೀಳುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಸುಕನ್ಯ ದುಪಟ್ಟಾ ಅಡ್ಡ ಹಿಡಿದು ಕೂತಳು. ಅಜ್ಜಿಗೆ ಏನು ಹೇಳುವುದು ಎಂಬ ಯೋಚನೆ ಆಗಲೇ ಶುರುವಾಗಿತ್ತು. ಹೇಳುವ ಮಾತುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು ಕೂಡ.

ಕಲ್ಲಿನ ಬುಡದಲ್ಲಿ ಕಣಗಿಲೆ ಹೂವಿತ್ತು. ಅವಳು ಸುಮ್ಮನೆ ಅದನ್ನೇ ನೋಡುತ್ತಿದ್ದಳು. ಹೂವು ಬಾಡಿರಲಿಲ್ಲ.

"ಪ್ರಭು ಅವ್ರೇ, ಇದು ಇವತ್ತಿನ ಹೂವು."

"ಅಂದ್ರ?"

"ಬೆಳಿಗ್ಗೆ ಯಾರೋ ಬಂದು ಪೂಜೆ ಮಾಡಿದಾರೆ. ನಮ್ಮ ದಾರೀಲಿ ಯಾರೂ ಸಿಕ್ಕಲಿಲ್ಲ. ಅವ್ರು ಬೇರೆ ಕಡೆಯಿಂದ ಹತ್ತಿರ್ಬೇಕು."

ಪ್ರಭುಲಿಂಗ ಹೊಟ್ಟೆಯ ಮೇಲೆ ಮಲಗಿ ಅಂಚಿನಲ್ಲಿ ತಡಕಿದ. ಕೈಗೆ ಒಂದು ಮೆಟ್ಟಿಲು ಸಿಕ್ಕಿತು. ಬಂಡೆಯಲ್ಲೇ ಕೊರೆದದ್ದು, ಒಂದು ಪಾದದಗಲ. ಅದರ ಕೆಳಗೆ ಇನ್ನೊಂದು.

ಹಗ್ಗದ ಒಂದು ತುದಿಯನ್ನು ಕೆಂಪರಾಜನ ಸೊಂಟಕ್ಕೆ ಕಟ್ಟಿ, ದೇವರ ಕಲ್ಲಿಗೇ ಒಂದು ಸುತ್ತು ಹಾಕಿ, ಇನ್ನೊಂದು ತುದಿಯನ್ನು ಪ್ರಭುಲಿಂಗ ಹಿಡಿದ. ಜೋಲಿಗೆ ಜಾಗವಿರಲಿಲ್ಲ. ಕೆಂಪರಾಜ್ ಅಪ್ಪನನ್ನು ಬೆನ್ನಿಗೆ ಕಂಬಳಿಯಿಂದ ಕಟ್ಟಿಕೊಂಡು, ಬಂಡೆಗೆ ಮುಖ ಮಾಡಿ ಇಳಿದ.

"ಎಡಗಾಲು ಕೆಳಗ. ಇನ್ನೂ ಕೆಳಗ. ಹಾಂ, ಸಿಕ್ತು," ಎಂದು ಪ್ರಭುಲಿಂಗ ಮೇಲಿನಿಂದ ಕೂಗಿದ.

ಮೂವತ್ತನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಹಗ್ಗ ಬಿಗಿಯಿತು. ಪ್ರಭುಲಿಂಗನ ಅಂಗೈ ಸುಲಿದು ರಕ್ತ ಬಂತು, ಆದರೆ ಅವನು ಬಿಡಲಿಲ್ಲ. ಕೆಂಪರಾಜ್ ಗಾಳಿಯಲ್ಲಿ ಕಾಲಾಡಿಸಿ ಮತ್ತೆ ಮೆಟ್ಟಿಲು ಹಿಡಿದ. ಕಿವಿಯ ಹತ್ತಿರ ಅಪ್ಪನ ಉಸಿರು ಬಿಸಿಯಾಗಿ ತಾಗುತ್ತಲೇ ಇತ್ತು. ಅವನು ಬುಡ ಮುಟ್ಟಿದ ಮೇಲೆ ಉಳಿದಿಬ್ಬರೂ ಹಗ್ಗ ಹಿಡಿದು ಇಳಿದರು.

ಬುಡದಲ್ಲಿ ಆಡು ಮೇಯಿಸುತ್ತಿದ್ದ ಅಕ್ಕಯಮ್ಮ ಎಂಬ ಮುದುಕಿ ಮಳೆಗೆ ತಲೆಯ ಮೇಲೆ ಹೊದ್ದಿದ್ದ ಗೋಣಿಕೊಪ್ಪೆ ಸರಿಸಿ ನೋಡಿದಳು. "ಅಲ್ಲಿಂದ ಇಳುದ್ರಾ? ನಾವೇ ಮಳೆ ಬಂದ್ರೆ ಅಲ್ಲಿ ಕಾಲಿಡಲ್ಲ," ಎಂದಳು. ಕಲ್ಲಿಗೆ ಹೂವಿಟ್ಟವಳು ಅವಳೇ. ಓಡಿ ಹೋಗಿ ಊರಿನ ಟೆಂಪೋ ಕರೆಸಿದಳು.

ಹೊಸಕೋಟೆಯಲ್ಲಿ ಡಾಕ್ಟರು ಡ್ರಿಪ್ ಹಾಕಿ ಬೆಂಗಳೂರಿಗೆ ಕಳಿಸಿದರು. "ಕಾಲು ಉಳಿಯಲ್ಲ. ಜೀವ ಉಳೀಬಹುದು. ದಾರೀಲಿ ಮಾತಾಡಿಸ್ತಾ ಇರಿ, ಎಚ್ಚರ ತಪ್ಪಬಾರ್ದು," ಎಂದರು.

ಟಿನ್ ಫ್ಯಾಕ್ಟರಿ ಹತ್ತಿರ ಲಾರಿ, ಬಸ್ಸುಗಳ ನಡುವೆ ಗಾಡಿ ನಿಂತೇ ಹೋಯಿತು. ಕೆಂಪರಾಜ್ ಒಂದೂವರೆ ಗಂಟೆಯಿಂದ ಒಬ್ಬನೇ ಮಾತಾಡುತ್ತಿದ್ದ, ಹೇಳಿದ್ದನ್ನೇ ಹೇಳುತ್ತಿದ್ದ. ಪ್ರಭುಲಿಂಗ ಬಟ್ಟೆ ಸುತ್ತಿದ ಕೈಯಲ್ಲಿ ಡ್ರಿಪ್ ಬಾಟಲಿ ಎತ್ತಿ ಹಿಡಿದಿದ್ದ. ಆಗ ಮುನಿಆಂಜನಪ್ಪ ಕಣ್ಣು ಬಿಟ್ಟು, ಮಗನ ಮುಖವನ್ನು ಗುರುತು ಹಿಡಿದ.

"ಬರಕ್ಕೆ ಮೂರು ದಿನ ಬೇಕಾಯ್ತೇನ್ಲಾ ನಿಂಗೆ?"

ದನಿ ಸಣ್ಣದಿತ್ತು. ಆದರೆ ನಿಲ್ಲಲಿಲ್ಲ. ಸೋಮಾರಿ ಎಂದ, ಹಟಮಾರಿ ಎಂದ, ಅಜ್ಜಿ ಮುದ್ದು ಮಾಡಿ ಕೆಡಿಸಿದಳು ಎಂದ. ಕೆಂಪರಾಜ್ ಅಪ್ಪನ ತಲೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡ. ಆಸ್ಪತ್ರೆ ಬರುವವರೆಗೂ ಒಂದೊಂದು ಬೈಗುಳಕ್ಕೂ ಹೂಂಗುಟ್ಟುತ್ತಾ ಕೂತ.