ಕೋಟೆ ಬಾಗಿಲಿನ ಕರಿಯಕ್ಷರ

ಬಹಳ ಹಿಂದೆ, ಊರಿನ ಹೆಸರನ್ನೂ ಮರದಲ್ಲೇ ಕೆತ್ತುತ್ತಿದ್ದ ಕಾಲದಲ್ಲಿ, ಕಾಡಿಗೆಪುರ ಎಂಬ ರಾಜ್ಯವಿತ್ತು. ಶತ್ರುಗಳು ದೂರದಿಂದಲೇ ಓದಿ ನಡುಗುವಂಥ ಅಕ್ಷರ ಬೇಕೆಂದು ಅಲ್ಲಿನ ರಾಜ ಮಾಂತ್ರಿಕ ಕರ್ಕಶನಿಗೆ ಹೇಳಿದ. ಕರ್ಕಶ ಅಗಲ ಮೊನೆಯ ಲೇಖನಿಯಿಂದ ಬರೆದು, ಮರದಲ್ಲಿ ಕೆತ್ತಿ, ಹೆಬ್ಬಾಗಿಲ ಮೇಲೆ ಕೂರಿಸಿದ. ದಪ್ಪ ಗೆರೆ, ಈಟಿಯಂಥ ತುದಿ, ಗೆರೆಗೆ ಗೆರೆ ತಾಗುವಷ್ಟು ಒತ್ತೊತ್ತು. ಆ ಅಕ್ಷರಗಳಲ್ಲಿ ನೂರೆಂಟು ನಿಯಮಗಳಿದ್ದವು. ಹೊಸ್ತಿಲಲ್ಲಿ ನಿಂತು ತಡವರಿಸದೆ ಓದಿದವರು ಒಳಗೆ ಹೋಗಬಹುದು. ತಡವರಿಸಿದವರನ್ನು ಅಕ್ಷರವೇ ನುಂಗುತ್ತಿತ್ತು.

ಆ ಬಾಗಿಲಿನಿಂದ ಒಬ್ಬರೂ ಒಳಗೆ ಹೋಗಲಿಲ್ಲ.

ಸಾತವ್ವ ಸೀರೆಗೆ ಒತ್ತುವ ಮರದ ಅಚ್ಚು ಕೆತ್ತುವವಳು. ಅವಳ ಅಣ್ಣ ಕೆಂಚಪ್ಪನನ್ನೂ ಅಕ್ಷರ ನುಂಗಿತು. ಅವಳು ಹಿಂಬಾಗಿಲಿನಿಂದ ರಾಜನ ಬಳಿಗೆ ಹೋದಳು.

"ಮಹಾರಾಜ, ಅಕ್ಷರ ತಿದ್ದಲು ಅಪ್ಪಣೆ ಕೊಡಿ."

"ಮೂರು ಸಲ ತಿದ್ದು. ಆಗದಿದ್ದರೆ ನೀನೂ ಹೊಸ್ತಿಲಲ್ಲಿ ನಿಲ್ಲಬೇಕು."

ಬಾಗಿಲ ಮೇಲಿನಿಂದ ಹಗ್ಗ ಕಟ್ಟಿಕೊಂಡು ಇಳಿದಳು. ಮೊದಲ ದಿನ ಮರ ಕೂಡಿಸಿ ಅಕ್ಷರಗಳನ್ನು ಎರಡರಷ್ಟು ದೊಡ್ಡದು ಮಾಡಿದಳು. ಕಪ್ಪೂ ಎರಡರಷ್ಟಾಯಿತು. ಹಾದಿಯಲ್ಲಿ ಹೋಗುತ್ತಿದ್ದ ಎರಡು ಎತ್ತುಗಳನ್ನೂ ನುಂಗಿತು.

ಎರಡನೆಯ ದಿನ ಗೆರೆಗಳನ್ನು ಸವರಿ ತೆಳ್ಳಗೆ ಮಾಡಿದಳು. ಅಕ್ಷರಗಳು ಜೊಂಡಿನಂತೆ ಬಾಗಿದವು. ಒಳಗಿನಿಂದ ಕೂಗು ಕೇಳಿಸಿತು: "ತಂಗೀ, ನನ್ನ ಸೊಂಟ!" ಸಾತವ್ವ ಗಾಬರಿಯಾಗಿ ಚಕ್ಕೆಗಳನ್ನೆಲ್ಲ ಮತ್ತೆ ಕೂಡಿಸಿದಳು.

ಕರ್ಕಶ ನಕ್ಕ. "ದೋಷ ನನ್ನ ಅಕ್ಷರದಲ್ಲಿಲ್ಲ. ಜನರ ಕಣ್ಣಿನಲ್ಲಿದೆ."

"ಹಾಗಾದರೆ ಸ್ವಾಮಿ, ನೀವೇ ಒಮ್ಮೆ ಓದಿ ತೋರಿಸಿ."

ಅಲ್ಲೇ ನಿಂತಿದ್ದ ರಾಜ ಅವನ ಮುಖ ನೋಡಿದ. ಕರ್ಕಶ ಅಷ್ಟು ದಿನವೂ ಹಿಂಬಾಗಿಲಿನಿಂದಲೇ ಓಡಾಡಿದ್ದ. ಈಗ ಹೊಸ್ತಿಲಲ್ಲಿ ನಿಂತ. ನಾಲ್ಕು ಅಕ್ಷರ ಓದಿದ. ಐದನೆಯದಕ್ಕೆ ಕಣ್ಣು ಕಿರಿದು ಮಾಡಿದ. ಅಕ್ಷರ ಅವನನ್ನೂ ನುಂಗಿತು.

ಮೂರನೆಯ ದಿನ ಸಾತವ್ವ ಉಳಿ ಮುಟ್ಟದೆ ಕುಳಿತಳು. ಆಗ ತನ್ನ ತಪ್ಪು ಹೊಳೆಯಿತು. ಮರಕ್ಕೆ ದೀಪದ ಹೊಗೆ ಹಿಡಿಸಿ, ಆ ಮಸಿಯನ್ನು ಬಟ್ಟೆಗೆ ಒತ್ತಿ ನೋಡದೆ ಅವಳ ಮನೆಯಲ್ಲಿ ಯಾವ ಅಚ್ಚನ್ನೂ ತಿದ್ದುತ್ತಿರಲಿಲ್ಲ. ಹೆದರಿಕೆಯಲ್ಲಿ ಅದನ್ನೇ ಮರೆತಿದ್ದಳು.

ಬಾಗಿಲ ಮೇಲಿನ ಒಂದು ಅಕ್ಷರಕ್ಕೆ ಹೊಗೆ ಹಿಡಿಸಿದಳು. ಒತ್ತಿದಳು. ಬಟ್ಟೆಯ ತುಂಬ ಕಪ್ಪು. ಅಕ್ಷರದ ಹೊಟ್ಟೆಯಲ್ಲಿ, ಗೆರೆಗಳ ನಡುವೆ, ಬಿಳಿಯೇ ಇರಲಿಲ್ಲ.

ಅವಳು ಗೆರೆ ಮುಟ್ಟಲಿಲ್ಲ. ಹೊಟ್ಟೆಯನ್ನಷ್ಟೇ ಕೊರೆದಳು. ಮತ್ತೆ ಹೊಗೆ, ಮತ್ತೆ ಬಟ್ಟೆ. ಏಳನೆಯ ಬಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಂಡಿತು. ಒಂಬತ್ತನೆಯದರ ಹೊತ್ತಿಗೆ ಆ ಬಿಳಿಯಿಂದ ಒಂದು ಕೈ ಹೊರಬಂತು.

"ಎಷ್ಟು ಹೊತ್ತೇ ನಿನಗೆ!" ಎಂದ ಕೆಂಚಪ್ಪ. ಸಾತವ್ವ ಅಳುತ್ತಾ ನಕ್ಕಳು.

ಉಳಿದ ಅಕ್ಷರಗಳನ್ನೂ ಕೊರೆದಳು. ಜನ ಬಂದರು, ಎತ್ತುಗಳು ಬಂದವು. ಕೊನೆಗೆ ಕರ್ಕಶ ಬಂದ. ಅವನ ಮಂತ್ರವೆಲ್ಲ ಚಕ್ಕೆಯಾಗಿ ಉದುರಿಹೋಗಿತ್ತು.

ಅಕ್ಷರಗಳನ್ನು ಗಾಳಿಯಾಡುವಷ್ಟು ಅಂತರ ಬಿಟ್ಟು ಜೋಡಿಸಿದರೆ ಬಾಗಿಲ ಮೇಲೆ ಒಂದೇ ಪದಕ್ಕೆ ಜಾಗ.

"ನನ್ನ ನೂರೆಂಟು ನಿಯಮ?" ಎಂದ ರಾಜ.

"ಅವನ್ನು ಸಣ್ಣಕ್ಷರದಲ್ಲಿ ಓಲೆಯ ಮೇಲೆ ಬರೆಸಿ, ಮಹಾರಾಜ. ಇದು ಬಾಗಿಲಿನ ಅಕ್ಷರ. ಇದಕ್ಕೆ ಒಂದು ಮಾತು ಸಾಕು."

ರಾಜ ತುಸು ಯೋಚಿಸಿ ಆ ಮಾತನ್ನು ಹೇಳಿದ, ಸಾತವ್ವ ಅದನ್ನು ಬಾಗಿಲ ಮೇಲೆ ಕೂರಿಸಿದಳು. ಮರುದಿನ ಕುರಿ ಕಾಯುವ ಮುದುಕಿಯೊಬ್ಬಳು ಕೆರೆಯ ಆಚೆಯಿಂದಲೇ ಅದನ್ನು ಓದಿದಳು: ಬನ್ನಿ. ಕುರಿಗಳ ಸಮೇತ ಬಂದಳು.

ಕರ್ಕಶನಿಗೆ ಸಾತವ್ವನ ದೀಪ ಹಿಡಿಯುವ ಕೆಲಸ ಸಿಕ್ಕಿತು. ಕಾಡಿಗೆಪುರದ ಹೊಸ್ತಿಲಲ್ಲಿ ಮತ್ತೆಂದೂ ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಎಲ್ಲರೂ ಸುಖವಾಗಿದ್ದರು. ಕೆಂಚಪ್ಪನ ಸೊಂಟ ಮಾತ್ರ ಒಂದು ವಾರ ನೋಯಿತು.