ಮೀನಿನ ಮೊಹರು

“ಒಳಗೆ ಹೋಗದೆ ಮೊಹರು ಮಾತ್ರ ಹೊಡೀಬೇಡಿ. ಬೇರೆ ಏನು ಬೇಕಾದರೂ ಬದಲಾಯಿಸಿಕೊಳ್ಳಿ. ಇದೊಂದು ಬೇಡ.”

ನಿವೃತ್ತರಾಗಿ ಹೊರಟಿದ್ದ ಹಿರಿಯ ತಪಾಸಕರು ಇಷ್ಟು ಹೇಳಿ, ಪರೀಕ್ಷೆ ಕೋಣೆಯ ಹೊಸಿಲನ್ನು ತುಳಿಯದಂತೆ ಕಾಲೆತ್ತಿ ದಾಟಿದರು. ಅವರ ಜಾಗಕ್ಕೆ ಬಂದವನಿಗೆ ನಗು ತಡೆಯಲಾಗಲಿಲ್ಲ. ಬೂಟುಗಾಲಿನಿಂದ ಅದೇ ಹೊಸಿಲನ್ನು ಚೆನ್ನಾಗಿ ಒದ್ದು, “ನೋಡಿ ಸಾರ್, ಏನೂ ಆಗಲಿಲ್ಲ” ಎಂದ.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಬೆಂಕಿ ಬಾಗಿಲುಗಳು. ಆಸ್ಪತ್ರೆ, ಶಾಲೆ, ಸಿನಿಮಾ ಮಂದಿರಗಳಿಗೆ ಹಾಕುವ ಕೆಂಪು ಬಣ್ಣದ ಕಬ್ಬಿಣದ ಬಾಗಿಲು. ಬೆಂಕಿ ಬಿದ್ದಾಗ ಒಳಗಿದ್ದವರು ಅದರ ಅಡ್ಡಪಟ್ಟಿಯನ್ನು ಮೈಯಿಂದ ತಳ್ಳಿದರೂ ಸಾಕು, ಹೊರಗೆ ತೆರೆದುಕೊಳ್ಳಬೇಕು. ಅದನ್ನು ಪರೀಕ್ಷಿಸಲು ಅಲ್ಲೊಂದು ಹಳೆಯ ಪದ್ಧತಿಯಿತ್ತು. ಪ್ರತಿಯೊಂದು ಬಾಗಿಲನ್ನೂ ಈ ಕೋಣೆಯ ಚೌಕಟ್ಟಿಗೆ ಏರಿಸಿ, ಒಳಗೆ ಹೊಗೆ ಬಿಟ್ಟು, ದೀಪ ಆರಿಸಿ, ತಪಾಸಕ ಒಬ್ಬನೇ ಒಳಗೆ ನಿಂತು ಬೆನ್ನಿನಿಂದ ತಳ್ಳಬೇಕು. ತೆರೆದರೆ ಕೆಮ್ಮುತ್ತ ಹೊರಗೆ ಬಂದು, ಬಾಗಿಲಿನ ಅಂಚಿಗೆ ಸುತ್ತಿಗೆಯಿಂದ ತನ್ನ ಮೊಹರನ್ನು ಹೊಡೆಯಬೇಕು. ಒಬ್ಬೊಬ್ಬ ತಪಾಸಕನಿಗೂ ಒಂದೊಂದು ಗುರುತು. ಹೊಸಬನ ಗುರುತು ಪುಟ್ಟ ಮೀನು. ಅವನ ಮಗಳು ಬರೆದುಕೊಟ್ಟ ಮೀನನ್ನೇ ಅವನು ಉಕ್ಕಿನ ಅಚ್ಚಿಗೆ ಕೊರೆಸಿಕೊಂಡಿದ್ದ.

ಬಂದ ವಾರದೊಳಗೇ ಕೆಲಸಗಾರರು ಅವನಿಗೆ ‘ಸರಸರ ಸಾಹೇಬ’ ಎಂದು ಹೆಸರಿಟ್ಟಿದ್ದರು. ಎಲ್ಲವೂ ಬೇಗ ಆಗಬೇಕು ಅವನಿಗೆ. ಹೆಸರು ಅವನ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು. ಹೊಗಳಿಕೆಗೂ ಗೇಲಿಗೂ ವ್ಯತ್ಯಾಸ ತಿಳಿಯದ ಜಾತಿ ಕೆಲವರದು.

“ಒಂದು ಹೊಲಿಗೆ ಕಾರ್ಖಾನೆಗೆ ನಮ್ಮ ಬಾಗಿಲು ಹೋಗಿತ್ತು,” ಹಿರಿಯರು ದನಿ ತಗ್ಗಿಸಿದರು. “ಬೆಂಕಿ ಬಿತ್ತು. ಬಾಗಿಲು ತೆಗೀಲಿಲ್ಲ. ಒಬ್ಬ ಹುಡುಗಿ ಆ ಬಾಗಿಲನ್ನ ಕೆರೀತಾ ಕೆರೀತಾನೇ ಹೋದಳು. ಮೊಹರಿದೆ, ಪರೀಕ್ಷೆ ಆಗಿದೆ ಅಂತ ಧಣಿ ಕೈ ತೊಳೆದುಕೊಂಡರು. ಆಮೇಲೆ ಅವಳ ತಾಯಿ ಬಂದು ಮಾಟ ಇಟ್ಟಳು. ಮಗಳ ಸುಟ್ಟ ಬಟ್ಟೆ, ಒಂದು ಹಿಡಿ ಕೂದಲು, ಮಸಿ, ಎಲ್ಲ ಗಂಟು ಕಟ್ಟಿ ಈ ಹೊಸಿಲ ಕೆಳಗೆ ಹೂತಿದ್ದಾಳೆ. ಪರೀಕ್ಷೆ ಮಾಡದೆ ಮೊಹರು ಹೊಡೆದವನಿಗೆ ಇನ್ನು ಯಾವ ಬಾಗಿಲೂ ಒಳಗಿನಿಂದ ತೆಗೆಯೋದಿಲ್ಲ.”

“ಹೊರಗಿನಿಂದ?”

“ತೆಗೆಯುತ್ತೆ. ಆದರೆ ತೆಗೆದವರಿಗೆ ಅದು ದಾಟುತ್ತೆ. ಅದಕ್ಕೇ ಹೇಳ್ತಾ ಇರೋದು, ಸಿಕ್ಕಿಬಿದ್ದರೆ ನಿಮ್ಮವರನ್ನ ಕೂಗಬೇಡಿ.”

“ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಸಾರ್?”

ಹಿರಿಯರು ಚೀಲ ಹೆಗಲಿಗೇರಿಸಿ, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಗೇಟಿನತ್ತ ನಡೆದುಬಿಟ್ಟರು.

ಅದೇ ಮಧ್ಯಾಹ್ನ ಧಣಿ ಬಂದ. ನಯವಾದ ಮಾತಿನ ಮನುಷ್ಯ. ಯಾವುದೋ ಶಾಲೆಗೆ ಬಾಗಿಲುಗಳು ತುರ್ತಾಗಿ ಬೇಕಂತೆ, ಲಾರಿ ಹೊರಗೇ ನಿಂತಿದೆಯಂತೆ. “ಅಗಳಿಯ ಸ್ಪ್ರಿಂಗ್ ಈ ಸಲ ಬೇರೆ ಕಡೆಯಿಂದ ತರಿಸಿದ್ವಿ. ಸ್ವಲ್ಪ ಹಗುರ, ಅಷ್ಟೇ. ಒಂದೊಂದನ್ನೇ ಏರಿಸಿ ಇಳಿಸ್ತಾ ಕೂತ್ರೆ ವಾರ ಹಿಡಿಯುತ್ತೆ. ನೀವು ಓದಿದವರು, ನಿಮಗೆ ನಾನು ಹೇಳಬೇಕಾ?”

ಸರಸರ ಸಾಹೇಬ ಒಂದು ಅಗಳಿಯನ್ನು ಬೆರಳಿನಿಂದ ಒತ್ತಿ ನೋಡಿದ. ಅದು ಒಳಗೆ ಹೋಯಿತು. ವಾಪಸ್ಸು ಬರಲು ಯೋಚಿಸಿತು. ಅವನು ಮತ್ತೊಮ್ಮೆ ಒತ್ತಿ ನೋಡಿದ, ನಿಜ. ಆದರೆ ಬಂದ ಹೊಸದರಲ್ಲೇ ಧಣಿಯ ಮಾತಿಗೆ ಇಲ್ಲವೆನ್ನುವುದು ಹೇಗೆ? ಅವನು ಸುತ್ತಿಗೆ ಎತ್ತಿಕೊಂಡ. ಅಂಗಳದಲ್ಲಿ ಒರಗಿಸಿಟ್ಟಿದ್ದ ಬಾಗಿಲುಗಳ ಅಂಚಿಗೆ ಒಂದಾದ ಮೇಲೊಂದು ಮೀನು ಹೊಡೆಯುತ್ತ ಹೋದ. ಕೊನೆಯ ಪೆಟ್ಟಿಗೆ ಗಾಳಿಯಲ್ಲಿ ಸುಟ್ಟ ಬಟ್ಟೆಯ ವಾಸನೆ ಬಂತು. ವೆಲ್ಡಿಂಗ್ ಇರಬೇಕು ಅಂದುಕೊಂಡ.

ಅಂದು ಸಂಜೆ ಮನೆ ಮುಂದೆ ಕಾರು ನಿಲ್ಲಿಸಿದವನಿಗೆ ಕಾರಿನ ಬಾಗಿಲು ತೆರೆಯಲಿಲ್ಲ. ಎಳೆದ, ಗುದ್ದಿದ, ಬೈದ. ಕೊನೆಗೆ ಕಿಟಕಿಯಿಂದ ತಲೆ ತೂರಿಸಿ, ನೆಲಕ್ಕೆ ಕೈಯೂರಿ, ಪ್ಯಾಂಟು ಹರಿದುಕೊಂಡು ಹೊರಬಿದ್ದ. ಮರುದಿನ ಕಚೇರಿಯ ಕೋಣೆಯದೂ ಅದೇ ಕತೆ, ಅಲ್ಲೂ ಕಿಟಕಿಯೇ ಗತಿ. ‘ಸಾಹೇಬ್ರು ಕಿಟಕಿ ಮೇಲೆ ಮನಸ್ಸಿಟ್ಟಿದಾರೆ’ ಎಂದು ಕೆಲಸಗಾರರು ನಕ್ಕರು. ಅವನೂ ನಕ್ಕ. ಆದರೆ ಅಂದಿನಿಂದ ಬಾಗಿಲು ಮುಚ್ಚಲು ಬಿಡದೆ ಎಲ್ಲೆಲ್ಲೂ ಒಂದು ಕುರ್ಚಿಯನ್ನೋ ಇಟ್ಟಿಗೆಯನ್ನೋ ಅಡ್ಡ ಇಡತೊಡಗಿದ. ನಂಬಿಕೆ ಇಲ್ಲದವನು ಇಟ್ಟಿಗೆ ಹೊತ್ತು ತಿರುಗುವುದನ್ನು ನೋಡಬೇಕಿತ್ತು ನೀವು.

ಸ್ನಾನದ ಮನೆಯಲ್ಲಿ ಇಟ್ಟಿಗೆ ಜಾರಿತು.

ಬಾಗಿಲು ತಾನಾಗಿ ಬಂದು ಕೂತ ಸದ್ದು. ದೀಪ ಒಮ್ಮೆ ಮಿಣುಕಿ ಆರಿತು. ಕಿಟಕಿ ಇಲ್ಲದ ಕೋಣೆ. ಚಿಲಕ ಸರಾಗವಾಗಿ ತಿರುಗುತ್ತಿತ್ತು, ಬಾಗಿಲು ಮಾತ್ರ ಅಲುಗಲಿಲ್ಲ. ಆಮೇಲೆ ಆ ವಾಸನೆ. ಸುಟ್ಟ ಬಟ್ಟೆ, ಸುಟ್ಟ ಕೂದಲು. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಕತ್ತಲಲ್ಲಿ ಅವನ ಮೊಣಕಾಲಿನ ಎತ್ತರದಲ್ಲಿ ಯಾರೋ ಬಾಗಿಲನ್ನು ಉಗುರಿನಿಂದ ಕೆರೆಯುತ್ತಿದ್ದರು. ಮೆಲ್ಲಗೆ. ಬಿಡದೆ.

ಹೆಂಡತಿ ಬೇರೆ ಊರಿನ ಕೆಲಸದವಳು, ವಾರಕ್ಕೊಮ್ಮೆ ಬರುವವಳು. ಮನೆಯಲ್ಲಿ ಇದ್ದದ್ದು ಮಗಳೊಬ್ಬಳೇ. ಹಿರಿಯ ತಪಾಸಕರ ಮಾತು ನೆನಪಾಗಲಿಲ್ಲವೆಂದು ಅವನು ಆಮೇಲೆ ತನಗೆ ತಾನೇ ಹೇಳಿಕೊಂಡ. ಸುಳ್ಳು. ಚೆನ್ನಾಗಿಯೇ ನೆನಪಾಗಿತ್ತು. ನೆನಪಾದ ಮೇಲೂ ಅವನು ಕೂಗಿದ.

“ಪುಟ್ಟೀ! ಬಾಗಿಲು ತೆಗಿ! ಬೇಗ ತೆಗಿ!”

ಕಿರುಗಾಲಿನ ಓಟ. ಚಿಲಕದ ಸದ್ದು. ಬೆಳಕು. ಬಾಗಿಲಲ್ಲಿ ಮಗಳು ಪೆನ್ಸಿಲ್ ಹಿಡಿದು ನಿಂತಿದ್ದಳು. “ಏನಪ್ಪಾ, ಮಕ್ಕಳ ಥರ ಅಳ್ತಾ ಇದೀಯ?”

ಅವನು ಮನೆಯ ಬಾಗಿಲುಗಳನ್ನೆಲ್ಲ ಹಾಕಿ ತೆಗೆದು ನೋಡಿದ. ಎಲ್ಲವೂ ಬೆಣ್ಣೆಯಂತೆ ತೆರೆದವು. ಎದೆಯ ಭಾರ ಇಳಿಯಿತು. ಇಳಿದದ್ದು ಎಲ್ಲಿಗೆ ಹೋಗಿ ಕೂತಿತು ಎಂದು ಆ ಕ್ಷಣ ಕೇಳಿಕೊಳ್ಳಲಿಲ್ಲ.

ತಿಂಗಳು ಕಳೆಯುತ್ತ ಬಂದಿತ್ತು. ಮಗಳು ಬಾಗಿಲು ಮುಚ್ಚುವವಳಲ್ಲ, ಅವಳ ಕೋಣೆ ಯಾವಾಗಲೂ ಹಾರುಹೊಡೆದೇ ಇರುತ್ತಿತ್ತು. ಒಂದು ರಜಾದಿನ ಊಟ ಮಾಡುತ್ತ ಅವಳು ಸಂಭ್ರಮದಿಂದ ಹೇಳಿದಳು: “ಅಪ್ಪಾ, ನಮ್ಮ ಶಾಲೆ ಕೆಳಗಿನ ಹಾಲ್‌ಗೆ ಹೊಸಾ ಕೆಂಪು ಬಾಗಿಲು ಹಾಕಿದಾರೆ. ಅಂಚಲ್ಲಿ ನನ್ನ ಮೀನಿದೆ! ಎಲ್ರಿಗೂ ತೋರಿಸ್ದೆ. ನಮ್ಮಪ್ಪ ಒಳಗೆ ಹೋಗಿ ನೋಡಿ ಮೊಹರು ಹಾಕಿದ್ದು ಅಂತ ಹೇಳ್ದೆ.”

ಅವನು ತುತ್ತನ್ನು ತಟ್ಟೆಗೇ ಹಾಕಿದ. ಮಗಳು ಕೈ ತೊಳೆದು ತನ್ನ ಕೋಣೆಗೆ ಓಡಿದಳು. ಗಾಳಿಗೆ ಬಾಗಿಲು ಧಡಾರೆಂದು ಬಡಿದುಕೊಂಡಿತು.

“ಅಪ್ಪಾ, ತೆಗಿಯೋಕಾಗ್ತಿಲ್ಲ.”

ಅವನು ಊಟ ಬಿಟ್ಟು ಓಡಿಬಂದ. ಬಾಗಿಲ ಕೆಳಗಿನ ಸಂದಿನಿಂದ ಅದೇ ವಾಸನೆ. ಕಿಟಕಿಗೆ ಕಬ್ಬಿಣದ ಸರಳು. ಒಳಗೆ ಮಗಳು ಕೆಮ್ಮಿದಳು. “ಅಪ್ಪಾ, ಇಲ್ಲಿ ಇನ್ಯಾರೋ ಇದಾರೆ.”

ಚಿಲಕದ ಮೇಲೆ ಕೈಯಿಟ್ಟವನು ಸುಟ್ಟುಕೊಂಡವನಂತೆ ಕೈ ಹಿಂದೆಳೆದುಕೊಂಡ. ಹೌದು, ಅವನು ಹಿಂದೆಳೆದುಕೊಂಡ. ಹೆತ್ತ ತಂದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೇ. ಜೇಬಿನಿಂದ ಫೋನು ತೆಗೆದು ಹಿರಿಯ ತಪಾಸಕರಿಗೆ ಹಚ್ಚಿದ.

“ಬೀಗ ರಿಪೇರಿಯವನನ್ನ ಕರೀರಿ,” ಎಂದಿತು ಆ ಕಡೆಯ ದನಿ. “ನೀವು ತೆಗೀಬೇಡಿ. ಅವನು ತೆಗೀಲಿ. ನಾನೂ ಅದನ್ನೇ ಮಾಡಿದ್ದು.”

“ಆಮೇಲೆ ಅವನು ಏನಾದ?”

“ಕೇಳೋಕೆ ಹೋಗಲಿಲ್ಲಪ್ಪಾ.”

ಬೀಗದವನ ಅಂಗಡಿ ಇದ್ದದ್ದು ಬೀದಿಯ ತುದಿಯಲ್ಲೇ. ಫೋನು ಹೋದದ್ದೇ ಓಡುತ್ತ ಬಂದ. ದುಂಡು ಮುಖದ, ಬಾಯಿತುಂಬ ಮಾತಿನ ಮನುಷ್ಯ. “ಅಳ್ಬೇಡ ಪುಟ್ಟಮ್ಮ, ನಾನು ಬಂದಾಯ್ತು. ನಮ್ಮನೆಯವಳೂ ಬೈದು ನನ್ನ ಹೊರಗೇ ಹಾಕಿ ಬಾಗಿಲು ಹಾಕ್ಕೋತಾಳೆ, ಅದನ್ನೇ ತೆಗೀತೀನಿ ನಾನು, ಇದ್ಯಾವ ಲೆಕ್ಕ?” ಎನ್ನುತ್ತ ಚೀಲ ಬಿಚ್ಚಿದ. ಒಳಗಿನ ಕೆಮ್ಮು ಬಿಡುವಿಲ್ಲದಂತಾಯಿತು.

ಬೀಗದವನು ಚಿಲಕಕ್ಕೆ ಕೈ ಚಾಚಿದ. ಏನೂ ಗೊತ್ತಿಲ್ಲದ ಕೈ. ಮೊಹರು ನೋಡಿ ನಂಬುವ ಕೈ. ಸರಸರ ಸಾಹೇಬನಿಗೆ ಆ ಕ್ಷಣ ತಾನು ಮಾಡುತ್ತಿರುವುದೇನೆಂದು ಹೊಳೆಯಿತು. ಕಾರ್ಖಾನೆಯ ಅಂಗಳದಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡುತ್ತಿದ್ದ, ಸಾವನ್ನು ಯಾರಿಗೋ ಸಾಗಹಾಕುತ್ತಿದ್ದ. ಬೀಗದವನ ತೋಳು ಹಿಡಿದು ಪಕ್ಕಕ್ಕೆ ನೂಕಿ, ತಾನೇ ಚಿಲಕ ತಿರುಗಿಸಿದ. ಬಾಗಿಲು ಮಾತಿಲ್ಲದೆ ತೆರೆಯಿತು. ಮಗಳು ಅವನ ಕೊರಳಿಗೆ ಬಿದ್ದಳು. ಅವಳ ಮೂಗಿನ ಸುತ್ತ ಕಪ್ಪು ಮಸಿ ಮೆತ್ತಿತ್ತು.

“ನೀವೇ ತೆಗೆಯೋದಾದ್ರೆ ನನ್ನನ್ಯಾಕೆ ಕರೆದ್ರಿ ಸ್ವಾಮಿ?” ಬೀಗದವನು ಮುಖ ಊದಿಸಿಕೊಂಡು ಹೋದ. ತಾನು ಯಾವುದರಿಂದ ತಪ್ಪಿಸಿಕೊಂಡೆನೆಂದು ಅವನಿಗೆ ಎಂದೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಸರಸರ ಸಾಹೇಬ ಧಣಿಗೆ ಎಲ್ಲ ಹೇಳಿದ. ಬಾಗಿಲುಗಳನ್ನು ವಾಪಸ್ಸು ತರಿಸಿ ಎಂದ. ಧಣಿ ಮೊದಲ ಸಲ ನಯ ಬಿಟ್ಟು ಮಾತಾಡಿದ. “ಸ್ಪ್ರಿಂಗ್ ನನ್ನದಿರಬಹುದು. ಮೊಹರು ಯಾರದು? ಜೈಲಿಗೆ ನೀವೇ ಮೊದಲು ಹೋಗೋದು. ಮನೆಗೆ ಹೋಗಿ ಮಲಗಿ.” ಅವನು ಶಾಲೆ ಮುಟ್ಟುವಷ್ಟರಲ್ಲಿ ಧಣಿಯ ಫೋನು ಅಲ್ಲಿಗೆ ಮುಟ್ಟಿತ್ತು.

“ನಿಮ್ಮನ್ನ ಕೆಲಸದಿಂದ ತೆಗೆದಿದಾರಂತೆ, ತಲೆ ಸರಿಯಿಲ್ಲ ಅಂದ್ರು,” ಮುಖ್ಯೋಪಾಧ್ಯಾಯಿನಿ ಅನುಮಾನದಿಂದ ನೋಡಿದರು. ನೆಲಮಾಳಿಗೆಯ ಆ ಸಭಾಂಗಣದಲ್ಲಿ ಮಕ್ಕಳು ಹಾಡು ಕಲಿಯುತ್ತಿದ್ದರು. ಕಿಟಕಿಯಿಲ್ಲ. ಇರುವುದೆಲ್ಲ ಕೆಂಪು ಬಾಗಿಲುಗಳೇ. “ಬಾಗಿಲು ಚೆನ್ನಾಗೇ ಇದೆಯಲ್ಲ, ದಿನಾ ತೆಗೀತಿದೀವಿ.”

“ಹೊರಗಿನ ಹಿಡಿಯಿಂದ ತೆಗೆದು, ತೆರೆದೇ ಇಡ್ತೀರಿ. ಮುಚ್ಚಿಕೊಂಡು ಒಳಗಿನಿಂದ ತಳ್ಳಿ ನೋಡಿದೀರಾ?”

“ಇಲ್ಲ.” ಅವರು ತಡವರಿಸಿದರು. “ಮೊಹರಿತ್ತಲ್ಲ.”

ಅವನು ಕಣ್ಣು ಮುಚ್ಚಿ ತೆರೆದ. “ಮಕ್ಕಳನ್ನ ಹೊರಗೆ ಕಳಿಸಿ. ನಾನೊಬ್ಬನೇ ಒಳಗೆ ಹೋಗ್ತೀನಿ. ತಳ್ಳಿಕೊಂಡು ಬಂದರೆ ನಾನು ಹುಚ್ಚ. ಬರದಿದ್ದರೆ ಈ ಬಾಗಿಲುಗಳನ್ನೆಲ್ಲ ಕಿತ್ತು ಹಾಕಿಸಿ. ಒಂದೇ ಮಾತು ಮೇಡಂ. ಹೊರಗಿನಿಂದ ಯಾರೂ ತೆಗೀಬೇಡಿ. ಬೇಕಾದರೆ ಗೋಡೆ ಒಡೆಸಿ, ಬಾಗಿಲು ಮುಟ್ಟಬೇಡಿ.”

ಮಕ್ಕಳು ಗದ್ದಲ ಮಾಡುತ್ತ ಹೊರಗೆ ಹೋದರು. ಅವರ ನಡುವೆ ಮಗಳು ತಿರುಗಿ ತಿರುಗಿ ನೋಡುತ್ತ ಹೋದಳು. ಅವನು ಬಾಗಿಲುಗಳನ್ನೆಲ್ಲ ಮುಚ್ಚಿಸಿದ. ದೀಪ ಆರಿಸಿದ. ಮೊದಲೇ ಮಾಡಬೇಕಾಗಿದ್ದ ಕೆಲಸ. ಹಿಂದಕ್ಕೆ ತಿರುಗಿ, ಅಡ್ಡಪಟ್ಟಿಗೆ ಬೆನ್ನು ಕೊಟ್ಟು ತಳ್ಳಿದ.

ಪಟ್ಟಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಬಾಗಿಲು ಅಲುಗಲಿಲ್ಲ.

ಮಾಟಕ್ಕೋ, ಸ್ಪ್ರಿಂಗಿಗೋ. ಅವನಿಗೆ ಗೊತ್ತಾಗಲಿಲ್ಲ. ಹೊಲಿಗೆ ಕಾರ್ಖಾನೆಯ ಆ ಹುಡುಗಿಗೂ ಗೊತ್ತಾಗಿರಲಿಕ್ಕಿಲ್ಲ.

“ತೆಗೀತಾ ಇಲ್ಲ ಮೇಡಂ!” ಕೂಗಿದ. “ನೋಡಿದ್ರಾ? ತೆಗೀತಾ ಇಲ್ಲ!” ಆ ಕೂಗಿನಲ್ಲಿ ಗೆದ್ದವನ ಸಂತೋಷವಿತ್ತು. ಹೊರಗೆ ಮುಖ್ಯೋಪಾಧ್ಯಾಯಿನಿ ಕಿರುಚಿದ್ದು ಕೇಳಿಸಿತು. ಯಾರನ್ನೋ ಕರೆಯಲು, ಗೋಡೆ ಒಡೆಸಲು ಅವರು ಮೆಟ್ಟಿಲು ಹತ್ತಿ ಓಡಿದ ಸದ್ದು. ಬಾಗಿಲುಗಳು ಇನ್ನು ಇಲ್ಲಿ ಉಳಿಯುವುದಿಲ್ಲ. ಅಷ್ಟು ಸಾಕು ಅಂದುಕೊಂಡ.

ಆಮೇಲೆ ವಾಸನೆ ಬಂತು.

ಸುಟ್ಟ ಬಟ್ಟೆ. ಸುಟ್ಟ ಕೂದಲು. ಈ ಸಲ ಹೊಗೆಯೂ ಇತ್ತು. ನೆಲದಿಂದ ಎದ್ದಿತು. ಮೊಣಕಾಲಿಗೆ ಬಂತು. ಎದೆಗೆ ಬಂತು. ಅವನು ಇನ್ನೊಂದು ಬಾಗಿಲಿಗೆ ಓಡಿದ. ತಳ್ಳಿದ. ಮತ್ತೊಂದಕ್ಕೆ. ತಳ್ಳಿದ. ಎಲ್ಲ ಅಂಚಿನಲ್ಲೂ ಬೆರಳಿಗೆ ಮೀನು ಸಿಕ್ಕಿತು. ಮೊದಲಿನ ಬಾಗಿಲಿಗೇ ತೆವಳುತ್ತ ಬಂದ. ಉಸಿರಿಲ್ಲ. ಪಕ್ಕದಲ್ಲಿ ಕೆರೆಯುವ ಸದ್ದು. ಉಗುರು. ಕಬ್ಬಿಣ. ಉಗುರು. ಅವನ ಕೈಯೂ ಕೆರೆಯತೊಡಗಿತು. ಯಾವ ಸದ್ದು ಅವಳದು, ಯಾವುದು ತನ್ನದು ತಿಳಿಯಲಿಲ್ಲ.

ಹೊರಗೆ, ಬಾಗಿಲಿಗೆ ಬಾಯಿ ಹಚ್ಚಿ, ಪುಟ್ಟ ದನಿ:

“ಅಪ್ಪಾ, ಇಲ್ಲಿ ಯಾರೂ ಇಲ್ಲ. ನಾನು ತೆಗೀಲಾ?”

ಹಿಡಿ ಅಲುಗಿತು. ಅವಳ ಕೈ ಆಗಲೇ ಅದರ ಮೇಲಿತ್ತು. ಅವನ ಮೈಯ ಒಂದೊಂದು ನರವೂ ಹೂಂ ಎಂದು ಕೂಗುತ್ತಿತ್ತು. ಬಾಯಿ ತೆರೆದ. ಹೊಗೆ ತುಂಬಿತು. ಇದ್ದಬದ್ದ ಉಸಿರನ್ನೆಲ್ಲ ಒಟ್ಟು ಮಾಡಿಕೊಂಡ.

“ಬೇಡ ಪುಟ್ಟೀ,” ಎಂದ. “ಕೈ ತೆಗಿ. ದೂರ ಹೋಗು. ಅಪ್ಪ ಪರೀಕ್ಷೆ ಮಾಡ್ತಿದೀನಿ.”